ಹೊಸ್ತಿಲಾಚೆಯ ಕರಾರು: ಪುಣೆಯ ಕಸ ಆಯುವವರು ಮತ್ತು ಸುಸ್ಥಿರ ಬದುಕಿನ ಲೆಕ್ಕ

ಸುಸ್ಥಿರ ಬದುಕಿನ ಬಗ್ಗೆ ನಾವು ಬರೆಯುವುದರಲ್ಲಿ ಹೆಚ್ಚಿನದು ಮನೆಯೊಳಗೇ ನಿಂತುಬಿಡುತ್ತದೆ. ಬಟ್ಟೆಚೀಲ ಒಯ್ಯಬೇಕು, ಹಸಿ ಕಸ ಒಣ ಕಸ ಬೇರೆ ಮಾಡಬೇಕು, ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡಬೇಕು. ಎಲ್ಲ ಸರಿಯೇ. ಬೇರೆ ಮಾಡಿದ ಕಸ ಹೊಸ್ತಿಲು ದಾಟಿದ ಮೇಲೆ ಯಾರ ಕೈ ಸೇರುತ್ತದೆ, ಆ ಕೈಗೆ ಏನು ದಕ್ಕುತ್ತದೆ ಎಂದು ಕೇಳುವವರು ಕಡಿಮೆ. ಕಸದಿಂದ ಕೆಟ್ಟ ನೆಲ ಚೇತರಿಸಿಕೊಳ್ಳುವುದು ಮನೆಯವರ ಸದ್ಬುದ್ಧಿಗಿಂತ ಹೆಚ್ಚಾಗಿ ಮನೆಯವರಿಗೂ ಕಸ ಒಯ್ಯುವವರಿಗೂ ನಡುವಿನ ಕರಾರನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ. ಅದಕ್ಕೆ ಆಧಾರ ಪುಣೆಯ ಮೂರು ದಶಕಗಳ ಅನುಭವ.

ಕೆಟ್ಟ ನೆಲದಿಂದಲೇ ಆರಂಭಿಸಬಹುದು. ಪುಣೆಯ ಹಡಪಸರದಾಚೆ, ಸಾಸವಡ ರಸ್ತೆಯ ಬದಿಗೆ ಉರುಳಿ ದೇವಾಚಿ ಮತ್ತು ಫುರಸುಂಗಿ ಎಂಬ ಊರುಗಳಿವೆ. ಪುಣೆ ಮಹಾನಗರಪಾಲಿಕೆ ದಶಕಗಳ ಕಾಲ ನಗರದ ಕಸವನ್ನು ಅಲ್ಲಿ ಸುರಿಯಿತು. ಎಲ್ಲವೂ ಬೆರೆತ ರಾಶಿಯಲ್ಲಿ ಹಸಿ ಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಅದರಿಂದ ಬಸಿಯುವ ಹುಳಿ ನೀರು ರಾಶಿಯಲ್ಲಿರುವ ಲೋಹಗಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಪುಣೆಯ ತಳದಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್. ಅಂತರ್ಜಲ ನಿಲ್ಲುವುದೇ ಆ ಬಂಡೆಯ ಬಿರುಕುಗಳಲ್ಲಿ, ಬಾವಿಗಳಿಗೆ ನೀರು ಬರುವುದೂ ಅಲ್ಲಿಂದಲೇ. ಬಾವಿ ಕೆಟ್ಟಾಗ ಊರಿನವರು ಕಸದ ಲಾರಿಗಳನ್ನು ತಡೆದರು, ಮತ್ತೆ ಮತ್ತೆ ತಡೆದರು. 2017ರಲ್ಲಿ ಈ ಊರುಗಳನ್ನು ಪಾಲಿಕೆಗೆ ಸೇರಿಸಲಾಯಿತು, ಆಮೇಲೆ ಪ್ರತ್ಯೇಕ ನಗರಪರಿಷತ್ತಿಗಾಗಿ ಹೊರಗಿಡುವ ತೀರ್ಮಾನವಾಯಿತು. ನಗರದ ಕಸ ಮಾತ್ರ ಸೇರ್ಪಡೆಯ ಆದೇಶಕ್ಕೆ ಕಾದಿರಲಿಲ್ಲ.

ಇನ್ನು ಕಸ ಆಯುವವರು. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ಕಾರ್ಯಕ್ರಮ ಪುಣೆಯ ಚಿಂದಿ ಆಯುವ ಹೆಂಗಸರನ್ನು ತಲುಪಿತು. ಅವರಲ್ಲಿ ಹೆಚ್ಚಿನವರು ದಲಿತರು. 1972ರ ಬರಗಾಲದಲ್ಲಿ ಮರಾಠವಾಡದಿಂದ ಗುಳೆ ಬಂದ ಕುಟುಂಬಗಳವರೂ ಅವರಲ್ಲಿದ್ದರು. ಅಕ್ಷರ ಕಲಿಸಲು ಹೋದ ಪೂರ್ಣಿಮಾ ಚಿಕರ್ಮನೆ, ಲಕ್ಷ್ಮೀ ನಾರಾಯಣ್ ಮುಂತಾದವರಿಗೆ ಬೇಗನೆ ತಿಳಿದದ್ದೇನೆಂದರೆ, ತಿಪ್ಪೆಗೆ ಬೀಳುವ ಮೊದಲೇ ಬೇರ್ಪಟ್ಟ ಕಸ ಕೈಗೆ ಸಿಕ್ಕರೆ ಈ ಹೆಂಗಸರ ಗಳಿಕೆಯೂ ಹೆಚ್ಚುತ್ತದೆ, ಗಾಯವೂ ತಪ್ಪುತ್ತದೆ. 1993ರಲ್ಲಿ, ಹಮಾಲರನ್ನು ಸಂಘಟಿಸಿದ್ದ ಬಾಬಾ ಆಢಾವರ ಬೆಂಬಲದೊಂದಿಗೆ, ‘ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್’ ಎಂಬ ಕಾರ್ಮಿಕ ಸಂಘ ಹುಟ್ಟಿತು: ಕಾಗದ, ಗಾಜು, ತಗಡು ಆಯ್ದು ಬದುಕುವ ಶ್ರಮಿಕರ ಪಂಚಾಯಿತಿ. ಅದರ ಮೊದಲ ಬೇಡಿಕೆಗಳಲ್ಲೊಂದು ಗುರುತಿನ ಚೀಟಿ. ಗೋಣಿ ಹೊತ್ತ ಹೆಂಗಸನ್ನು ಕಳ್ಳಿಯೆಂದು ಠಾಣೆಗೆ ಕರೆದೊಯ್ಯುವುದು ಸಾಮಾನ್ಯವಾಗಿದ್ದ ಊರಿನಲ್ಲಿ ಅದು ಸಣ್ಣ ಬೇಡಿಕೆಯೇನಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಇದೇ ಬಳಗ 2001ರಲ್ಲಿ ನಡೆಸಿದ ಅಧ್ಯಯನ ಚರ್ಚೆಯ ದಿಕ್ಕನ್ನೇ ಬದಲಿಸಿತು. ಕಸ ಆಯುವವರು ದಿನಕ್ಕೆ ಸುಮಾರು 144 ಟನ್ ಗುಜರಿಯನ್ನು ಲಾರಿ ಹತ್ತುವ ಮೊದಲೇ ಬೇರ್ಪಡಿಸುತ್ತಾರೆ, ಇದರಿಂದ ಪಾಲಿಕೆಗೆ ಸಾಗಣೆಯೊಂದರಲ್ಲೇ ವರ್ಷಕ್ಕೆ 1.58 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಅದು ಲೆಕ್ಕ ಹಾಕಿತು. ಅದುವರೆಗೆ ಕರುಣೆ ಬೇಡುವವರಂತೆ ಕಂಡಿದ್ದವರು ಪಾಲಿಕೆಗೆ ಸಾಲ ಕೊಟ್ಟವರಾಗಿ ಕಂಡರು.

2008ರಲ್ಲಿ ಪಾಲಿಕೆ ‘ಸ್ವಚ್ಛ್’ ಸಹಕಾರ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. ಈ ಸಂಘದ ಒಡೆತನ ಕಸ ಆಯುವವರದೇ. ಇಂದು ಸದಸ್ಯರು 3 ಸಾವಿರಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ಇಬ್ಬರು ಸೇರಿ ಇನ್ನೂರು, ಮುನ್ನೂರು ಮನೆಗಳನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಪಾಲಿಕೆಯಿಂದ ಸಂಬಳವಿಲ್ಲ. ಮನೆಯವರು ತಿಂಗಳ ಶುಲ್ಕವನ್ನು ನೇರವಾಗಿ ಅವರಿಗೇ ಕೊಡುತ್ತಾರೆ, ಒಣ ಕಸ ಮಾರಿ ಬಂದ ಹಣವೂ ಅವರದೇ. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಪರಿಸರ ಮಹತ್ವ ಇರುವುದೇ ಇಲ್ಲಿ. ಸಾಗಿಸಿದ ಟನ್ನಿಗಿಷ್ಟು ಎಂದು ಹಣ ಪಡೆಯುವ ಗುತ್ತಿಗೆದಾರನಿಗೆ ಕಸ ಭಾರವಾದಷ್ಟೂ ಲಾಭ, ಬೆರೆತರೂ ನಷ್ಟವಿಲ್ಲ. ಗುಜರಿ ಮಾರಿ ಬದುಕುವವಳಿಗೆ ಬೆರೆತ ಕಸವೆಂದರೆ ದರ ಬಿದ್ದ ಕಸ. ಎಣ್ಣೆ ಮೆತ್ತಿದ ರಟ್ಟನ್ನು ಗುಜರಿ ಅಂಗಡಿಯವನು ಮುಟ್ಟುವುದಿಲ್ಲ. ಹೀಗಾಗಿ ಬಾಗಿಲಲ್ಲಿ ನಿಂತು ‘ತಾಯಿ, ಇದನ್ನು ಬೇರೆ ಇಡಿ’ ಎಂದು ಅವಳು ದಿನವೂ ಹೇಳುವುದಕ್ಕೆ ಅವಳ ಹೊಟ್ಟೆಪಾಡೇ ಕಾರಣ. ಜಾಗೃತಿ ಫಲಕಗಳಿಗೆ ಆ ಒತ್ತಡ ಇರುವುದಿಲ್ಲ.

ಈ ಏರ್ಪಾಟನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಭವಿಷ್ಯನಿಧಿಯಿಲ್ಲ, ರಜೆಯ ಸಂಬಳವಿಲ್ಲ. ಕೊಳೆಗೇರಿಗಳಲ್ಲಿ ಶುಲ್ಕ ವಸೂಲಿ ಕಷ್ಟ. ಒಪ್ಪಂದದ ಅವಧಿ ಮುಗಿದಾಗಲೆಲ್ಲ ಖಾಸಗಿ ಗುತ್ತಿಗೆಯ ಮಾತು ಏಳುತ್ತದೆ. ನಗರದ ಸುಸ್ಥಿರತೆಯ ಅಪಾಯವನ್ನೆಲ್ಲ ಅತಿ ಬಡವರ ತಲೆಗೆ ಹೊರಿಸಲಾಗಿದೆ ಎಂಬ ಟೀಕೆಯಲ್ಲಿ ಹುರುಳಿದೆ.

ಪುಣೆಯ ಈ ಅನುಭವ ಕರ್ನಾಟಕಕ್ಕೂ ಬಂತು. ಪುಣೆಯ ಸಂಘಟನೆಯ ಆರಂಭದ ದಿನಗಳಲ್ಲಿ ದುಡಿದಿದ್ದ ನಳಿನಿ ಶೇಖರ್ ಮುಂದೆ ಬೆಂಗಳೂರಿನಲ್ಲಿ ‘ಹಸಿರು ದಳ’ವನ್ನು ಕಟ್ಟಿದವರಲ್ಲೊಬ್ಬರು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ತಾಣ 2012ರಲ್ಲಿ ಮುಚ್ಚಿ, ಅಂಥದೇ ಇನ್ನೊಂದು ತಾಣವಾದ ಮಂಡೂರಿನ ಜನ 2014ರಲ್ಲಿ ಕಸದ ಲಾರಿಗಳನ್ನು ತಡೆದ ಕಾಲವದು. ಹೈಕೋರ್ಟ್ ಮೂಲದಲ್ಲೇ ಕಸ ಬೇರ್ಪಡಿಸುವಂತೆ ಆದೇಶಿಸಿತ್ತು. ಬೆಂಗಳೂರಿನ ಕಸ ಆಯುವವರಿಗೆ ಗುರುತಿನ ಚೀಟಿ ಸಿಕ್ಕಿತು, ಹಲವು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳ ನಿರ್ವಹಣೆ ಸಿಕ್ಕಿತು. ಮನೆಬಾಗಿಲ ಸಂಗ್ರಹಣೆ ಮಾತ್ರ ಬಹುಪಾಲು ಗುತ್ತಿಗೆದಾರರಲ್ಲೇ ಉಳಿಯಿತು. ಮಂಡೂರಿನ ಪಾಡೂ ಫುರಸುಂಗಿಯ ಪಾಡೂ ಒಂದೇ ಬಗೆಯದು, ಆದರೆ ಬಾಗಿಲಲ್ಲಿ ನಿಲ್ಲುವ ವ್ಯಕ್ತಿಯ ಲಾಭ ನಷ್ಟ ಎರಡು ನಗರಗಳಲ್ಲಿ ಬೇರೆ ಬೇರೆ. ಇವೆರಡನ್ನು ಹೋಲಿಸುವ ಅಧ್ಯಯನಗಳು ಈ ವ್ಯತ್ಯಾಸದಿಂದಲೇ ಹೊರಡಬೇಕು.

ಕರಾರಿಗೂ ಒಗ್ಗದ ಕಸವಿದೆ. ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಬರಿಗೈಲಿ ಬೇರ್ಪಡಿಸುವ ಅವಮಾನದ ವಿರುದ್ಧ ‘ಸ್ವಚ್ಛ್’ ಸದಸ್ಯರು 2013ರಲ್ಲಿ ಅವುಗಳ ಚೀಲಗಳನ್ನು ತಯಾರಕ ಕಂಪನಿಗಳಿಗೇ ಕಳಿಸಿದರು. ಅವನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಎಂಬ ಅಭಿಯಾನವನ್ನೂ ನಡೆಸಿದರು. ಚಿಪ್ಸ್, ಶಾಂಪೂ ಪೊಟ್ಟಣಗಳ ಹಲವು ಪದರಗಳ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲವೆನ್ನಬೇಕು, ಪದರಗಳು ಬಿಡಿಯಾಗುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಇದರ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿದವು. 2022ರ ತಿದ್ದುಪಡಿಯಿಂದ ಆ ಹೊಣೆ ಕೊಂಡು ಮಾರಬಹುದಾದ ಪ್ರಮಾಣಪತ್ರದ ರೂಪ ಪಡೆಯಿತು. ಪ್ರಮಾಣಪತ್ರ ಸಿಗುವುದು ನೋಂದಾಯಿತ ಸಂಸ್ಕರಣಾ ಘಟಕಕ್ಕೆ. ಪೊಟ್ಟಣವನ್ನು ಕಸದಿಂದ ಹೆಕ್ಕಿ ಆ ಘಟಕದವರೆಗೆ ತಲುಪುವಂತೆ ಮಾಡಿದವಳ ಕೂಲಿ ಅದರ ಬೆಲೆಯಲ್ಲಿ ಎಷ್ಟಿರಬೇಕು ಎಂಬುದು ಸದ್ಯಕ್ಕೆ ಚೌಕಾಸಿಗೆ ಬಿಟ್ಟ ವಿಷಯ.