ನಿಲ್ಲದ ಸದ್ದು

ನಮ್ಮ ಶಾಲೆಗಳಿಗೆ ಕಂಪ್ಯೂಟರು ಬಂದ ಚರಿತ್ರೆಯನ್ನು ಸಾಮಾನ್ಯವಾಗಿ 1984ರ ‘ಕ್ಲಾಸ್’ ಯೋಜನೆಯಿಂದ ಶುರುಮಾಡುತ್ತಾರೆ. ಮೊದಲಿಗೆ ಸುಮಾರು 250 ಶಾಲೆಗಳು, ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರಗಳು, ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸಿನಲ್ಲಿ ಅವುಗಳ ತಯಾರಿ. ವರದಿಗಳಲ್ಲಿ ಇಷ್ಟು ಸಿಗುತ್ತದೆ. ಆ ಯಂತ್ರದಲ್ಲಿ ಮಕ್ಕಳು ಏನು ಬರೆದರು ಎಂಬುದು ಸಿಗಬೇಕಾದರೆ ಫ್ಲಾಪಿಗಳನ್ನೇ ಹುಡುಕಬೇಕು.

5.25 ಇಂಚಿನ ಅಂಥ ಹನ್ನೊಂದು ಫ್ಲಾಪಿಗಳು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯ ಅಟ್ಟದಲ್ಲಿದ್ದವು. ಒಂದರ ಲಕೋಟೆಯ ಮೇಲೆ ಮೇಷ್ಟ್ರ ಕೈಬರಹ: ‘9ಬಿ, ಬಡ್ಡಿ ಲೆಕ್ಕ’. ಪಕ್ಕದಲ್ಲೇ ಯಂತ್ರ. ದಾಸ್ತಾನು ಪುಸ್ತಕದಲ್ಲಿ ಅದರ ಎದುರು ‘ನಿರುಪಯುಕ್ತ’ ಎಂದಿದೆ. ಈ ಫ್ಲಾಪಿಗಳ ದಾಖಲೆಕ್ರಮವನ್ನು ಎಷ್ಟೋ ಪಿಸಿಗಳು ಓದಲಾರವು. ಹಾಗಾಗಿ ನನಗೆ ಆ ನಿರುಪಯುಕ್ತವೇ ಬೇಕಿತ್ತು.

ಸ್ವಿಚ್ಚು ಹಾಕಿದರೆ ಖಾಲಿ ಪರದೆ, ನಿಲ್ಲದ ಒಂದೇ ಸದ್ದು. ಕರೆಂಟು ಬಂದ ಕೂಡಲೇ ಈ ಯಂತ್ರದ ಶಬ್ದದ ಚಿಪ್ಪು ತಾನಾಗಿ ಕೂಗತೊಡಗುತ್ತದೆ. ರೋಮ್‌ನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಎದ್ದು ಬಂದು ಅದರ ಬಾಯಿ ಮುಚ್ಚಿಸಬೇಕು. ಸದ್ದು ನಿಲ್ಲದಿದ್ದರೆ ಮನೆಯ ಯಜಮಾನ ಇನ್ನೂ ಎದ್ದಿಲ್ಲ ಎಂದರ್ಥ.

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರು ಮೊದಲು ಪವರ್ ಸಪ್ಲೈಯಲ್ಲಿ ಬಿರುಕುಬಿಟ್ಟಿದ್ದ ಕೆಪಾಸಿಟರುಗಳನ್ನು ಬದಲಿಸಿದರು. ಬೋರ್ಡಿಗೆ 5 ವೋಲ್ಟ್ ಸರಿಯಾಗಿ ಬರುತ್ತಿತ್ತು. 6502 ಪ್ರೊಸೆಸರಿನ 40ನೆಯ ಕಾಲು, ಅಂದರೆ ರೀಸೆಟ್, ಸರಿ. ಆಸಿಲೋಸ್ಕೋಪಿನಲ್ಲಿ 2 ಮೆಗಾಹರ್ಟ್ಸ್‌ನ ಗಡಿಯಾರದ ಅಲೆಯೂ ಕಂಡಿತು.

“ಮಂಡೆ ಸರಿ ಉಂಟು ಮಾರಾಯ್ರೆ, ಓದ್ಲಿಕ್ಕೆ ಪುಸ್ತಕ ಸಿಗ್ತಾ ಇಲ್ಲ” ಎಂದರು. ಇಷ್ಟು ಚೊಕ್ಕ ರೋಗನಿರ್ಣಯವನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಐಸಿ 51ನ್ನು, ಅಂದರೆ ಆ ರೋಮ್ ಚಿಪ್ಪನ್ನು, ಸಾಕೆಟ್ಟಿನಿಂದ ಎಬ್ಬಿಸಿದರೆ ಕಾಲುಗಳೆಲ್ಲ ಕಪ್ಪು. ನಮ್ಮ ಕರಾವಳಿಯ ಹವೆಯ ಕಿಲುಬು. ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಕೂರಿಸಿದರು. ಈ ಸಲ ಸದ್ದು ಮೊಟಕಾಗಿ ನಿಂತಿತು. ಪರದೆಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’, ಅಂದರೆ ನೆನಪು ಪೂರ್ತಿ ಇದೆ. ಅದರ ಕೆಳಗೆ ಒಂದು ಪ್ರಶ್ನೆ: ‘ಲ್ಯಾಂಗ್ವೇಜ್?’

ಬೇಸಿಕ್ ಭಾಷೆಯ ರೋಮ್ ಸಿಗದಿದ್ದರೆ ಯಂತ್ರ ಹೀಗೆ ಕೇಳುತ್ತದೆ. ಅದರ ಕಾಲುಗಳಿಗೂ ಅದೇ ಶುಶ್ರೂಷೆ ಆಯಿತು.

ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳನ್ನು ಕಳೆದಿವೆ. ಅವನ್ನು ಓದಲು ಹಳಗನ್ನಡ ಲಿಪಿ ಬಲ್ಲ ಕಣ್ಣು ಸಾಕು. ಅದೇ ಊರಿನ ನನ್ನ ಕೋಣೆಯಲ್ಲಿ ಮೂವತ್ತು ಚಿಲ್ಲರೆ ವರ್ಷದ ಫ್ಲಾಪಿಗೆ ಇಷ್ಟೆಲ್ಲ ಬೇಕಾಯಿತು. ನಾಲ್ಕು ಫ್ಲಾಪಿಗಳು ಓದಿಸಿಕೊಂಡವು. ಬಡ್ಡಿ ಲೆಕ್ಕದ ಪ್ರೋಗ್ರಾಮಿನಲ್ಲಿ ಆಜ್ಞೆಗಳು ಇಂಗ್ಲಿಷಿನವು. ಚರಾಂಶಗಳ ಹೆಸರು ಮಾತ್ರ, ರೋಮನ್ ಅಕ್ಷರಗಳಲ್ಲಿ, ‘ಅಸಲು’, ‘ಬಡ್ಡಿ’, ‘ವರ್ಷ’. ಬಿಬಿಸಿ ಬೇಸಿಕ್ ಉದ್ದ ಹೆಸರುಗಳನ್ನು ಒಪ್ಪುತ್ತಿತ್ತು. ಆ ಸಡಿಲಿನಲ್ಲಿ ಒಂಬತ್ತನೆಯ ತರಗತಿಯ ಯಾರೋ ಕನ್ನಡದಲ್ಲಿ ಲೆಕ್ಕ ಮಾಡಿದ್ದಾರೆ. ಶಾಲಾ ಕಂಪ್ಯೂಟರನ್ನು ಬರೀ ಇಂಗ್ಲಿಷಿನ ಕತೆಯಾಗಿ ಬರೆಯುವುದು ನನಗಿನ್ನು ಕಷ್ಟ.

ಉಳಿದ ಏಳಕ್ಕೆ ಬೂಷ್ಟು ಹಿಡಿದಿದೆ. ಮಳೆ ಬಿಡುವವರೆಗೆ ಅವನ್ನು ಡ್ರೈವಿಗೆ ಹಾಕುವುದಿಲ್ಲ.