ನರ್ಸಬಾಯಿಗೆ 13 ವಾರದ ಖೋಲಿ

ಕಾಲೇಜು ಹುಡುಗರಿಗೆ ಖೋಲಿ ಬಾಡಿಗಿ ಕೊಡೋದು ನಮ್ಮ ಧಾರವಾಡದ ಮಂದಿಗೆ ಹೊಸಾದಲ್ಲ. ಆದ್ರ ಅಮೆರಿಕಾದಾಗ ಮಗಳ ಮನಿಗೆ ಹೋದಾಗ ಬ್ಯಾರೇ ಥರದ ಬಾಡಿಗಿ ನೋಡಿದೆ. ಬಾಜೂ ಮನಿಯಾಕಿ ಹಿಂದಿನ ಖೋಲಿಯನ್ನ ಮಂಚ, ಗಾದಿ, ಭಾಂಡೆ, ಚಮಚಾ ಸಮೇತ ಊರೂರು ತಿರುಗೋ ನರ್ಸಬಾಯಾರಿಗೆ ಕೊಡ್ತಾಳ. 'ಟ್ರಾವೆಲ್ ನರ್ಸ್' ಅಂತಾರ ಅವರಿಗೆ. ದವಾಖಾನಿಗೆ ಬೇಕಾದ ನರ್ಸಿಗೆ ಮನಿಯಾಕಿ ಯಾಕ ಜಾಗಾ ಕೊಡಬೇಕು ಅಂತೀರೇನು? ಅದರ ಹಿಂದ ದೊಡ್ಡ ಕಥಿ ಅದ ನೋಡ್ರಿ.

1860 ರಾಗ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯೊಳಗ ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ ಶುರು ಆತು. ಕಲಿಯೋ ಹುಡುಗ್ಯಾರು ಅಲ್ಲೇ ಇದ್ದು ಅಲ್ಲೇ ಉಣಬೇಕು. ಮರ್ಯಾದಸ್ಥರು ಹೆಣ್ಣುಮಕ್ಕಳನ್ನ ಈ ಕೆಲಸಕ್ಕ ಕಳಸಬೇಕಂದ್ರ ಆ ಭರವಸೆ ಬೇಕಿತ್ತು. 1873 ರಾಗ ಅದೇ ಮಾದರಿ ಶಾಲೆ ಅಮೆರಿಕಾದ ನ್ಯೂಯಾರ್ಕ್, ನ್ಯೂ ಹೇವನ್, ಬಾಸ್ಟನ್ ಊರಾಗ ಬಂದವು. ಆಸ್ಪತ್ರೆಗಳು 'ನರ್ಸಸ್ ಹೋಮ್' ಕಟ್ಟಿಸಿದವು. ಊಟ, ಹಾಸಿಗಿ ಪುಕ್ಕಟ. ಆದ್ರ ರಾತ್ರಿ ಎಷ್ಟೊತ್ತಿಗೆ ಒಳಗ ಬರಬೇಕು, ಯಾರನ್ನ ಭೆಟ್ಟಿ ಆಗಬೇಕು ಅನ್ನೋದೆಲ್ಲಾ ಮೇಲ್ವಿಚಾರಕಿ ಕೈಯಾಗ. ವಾರ್ಡಿನ ಕೆಲಸ ಬಹುತೇಕ ಮಾಡ್ತಿದ್ದವರೂ ಈ ಹುಡುಗ್ಯಾರೇ. ಹಂಗಾಗಿ ಆ ಹಾಸಿಗಿ-ಊಟ ಅವರ ಪಗಾರದಾಗಿನ ಪಾಲು ಅಂತಲೇ ತಿಳೀರಿ.

ಕಲಿತು ಮುಗಿಸಿದ ಮ್ಯಾಲೆ ಆಸ್ಪತ್ರೆಯೊಳಗ ಕೆಲಸ ಕಡಿಮಿ. ಹೆಚ್ಚಿನವರು ಉಳ್ಳವರ ಮನಿಗೆ ಹೋಗಿ, ಅಲ್ಲೇ ಇದ್ದು ರೋಗಿ ನೋಡಿಕೋತಿದ್ರು. ರೋಗಿ ಗುಣ ಆದ್ರ ಕೆಲಸಾನೂ ಹೋತು, ಮಲಗೋ ಜಾಗಾನೂ ಹೋತು! ಮತ್ತೊಂದು ಕರೆ ಬರೋತನಕ ಬಾಡಿಗಿ ಖೋಲಿನೇ ಗತಿ. 1930ರ ದಶಕದಾಗ ಆರ್ಥಿಕ ಮುಗ್ಗಟ್ಟು ಬಂದು ಮನಿಗೆ ನರ್ಸ್ ಇಟ್ಟುಕೊಳ್ಳೋರು ಕಡಿಮಿ ಆದ್ರು. ಊಟ-ವಸತಿ ಸಿಕ್ಕರ ಸಾಕು ಅಂತ ಆಸ್ಪತ್ರೆಗೆ ದುಡಿಲಿಕ್ಕೆ ಬಂದವರೂ ಇದ್ರು.

ಎರಡನೇ ಮಹಾಯುದ್ಧ ಮುಗೀತು. 1946ರ ಹಿಲ್-ಬರ್ಟನ್ ಕಾಯ್ದೆಯಿಂದ ಸರಕಾರದ ರೊಕ್ಕ ಬಂದು ಊರೂರಿಗೆ ಆಸ್ಪತ್ರೆ ಎದ್ದವು. ನರ್ಸುಗಳು ಲಗ್ನ ಆಗಿ ತಮ್ಮ ಮನಿಯಿಂದ ಕೆಲಸಕ್ಕ ಬರಲಿಕ್ಕೆ ಹತ್ತಿದ್ರು. ಸ್ವಾತಂತ್ರ್ಯ ಸಿಕ್ತು, ಆಸ್ಪತ್ರೆ ಸೂರು ತಪ್ಪಿತು. ಹಳೇ ನರ್ಸಸ್ ಹೋಮ್ ಎಷ್ಟೋ ಕಡೆ ಆಫೀಸಾದವು.

ಮುಂದ ನರ್ಸುಗಳ ಕೊರತೆ ಬಂತು. ಚಳಿಗಾಲದಾಗ ಫ್ಲೋರಿಡಾ, ಅರಿಜೋನಾಕ್ಕ ವಯಸ್ಸಾದವರು ಬಂದು ಇಳದ್ರ ಅಲ್ಲಿ ಆಸ್ಪತ್ರೆ ತುಂಬತಾವ, ಬ್ಯಾಸಿಗ್ಯಾಗ ಖಾಲಿ. 1970ರ ದಶಕದ ಕೊನಿಯಿಂದ ಇಂಥ ಕಡೆ ನರ್ಸ್ ಕಳಸೋ ಏಜೆನ್ಸಿಗಳು ಬೆಳೆದವು. ಕರಾರು ಸಾಮಾನ್ಯವಾಗಿ 13 ವಾರದ್ದು, ಅಂದ್ರ ವರ್ಷದ ಕಾಲು ಭಾಗ. ಮೊದಲಿಗೆ ಏಜೆನ್ಸಿಯೇ ಸಾಮಾನು ಸಹಿತ ಮನಿ ಹಿಡಿದು ಕೊಡ್ತಿತ್ತು, ಇಬ್ಬರನ್ನ ಒಂದೇ ಕಡೆ ಇಡೋದೂ ಇತ್ತು. ಬರಬರತ ವಸತಿ ಭತ್ಯೆ ಕೈಗೆ ಕೊಟ್ಟು "ನೀವೇ ಹುಡಿಕ್ಕೊಳ್ರಿ" ಅನ್ನೋ ರೂಢಿ ಹೆಚ್ಚಾತು.

ಕ್ಯಾಲಿಫೋರ್ನಿಯಾ 1999 ರಾಗ ಕಾಯ್ದೆ ಮಾಡಿ, 2004 ರಿಂದ ಎಷ್ಟು ರೋಗಿಗೆ ಎಷ್ಟು ನರ್ಸ್ ಅಂತ ಲೆಕ್ಕ ಇಟ್ಟಿತು. ಐಸಿಯುದಾಗ ಇಬ್ಬರು ರೋಗಿಗೆ ಒಬ್ಬರಾದ್ರೂ ಇರಬೇಕು. ಊರಾಗ ಸಿಗಲಿಲ್ಲಂದ್ರ ಹೊರಗಿಂದ ತರಲೇಬೇಕಲ್ಲ! 2020 ರಾಗ ಕೊರೊನಾ ಬಂದಾಗಂತೂ ಇವರಿಗೆ ಎಲ್ಲಿಲ್ಲದ ಬೇಡಿಕೆ.

ಹಿಂಗ ಆ ಖೋಲಿ ಮತ್ತ ಮನಿಯಾಕಿ ಹತ್ರ ಬಂತು. ಭಾಳ ಊರಾಗ 30 ದಿನಕ್ಕಿಂತ ಕಡಿಮಿ ಬಾಡಿಗಿ ಕೊಟ್ರ ಲೈಸೆನ್ಸು, ಹೋಟೆಲ್ ತೆರಿಗಿ ಅಂತ ಕಟ್ಟುಪಾಡು. ಮೂರು ತಿಂಗಳ ಬಾಡಿಗಿಗೆ ಆ ಕಾಟ ಕಡಿಮಿ.

ನರ್ಸಿನ ಕಡೆಯಿಂದಲೂ ನೋಡ್ರಿ. ಆ ಭತ್ಯೆಗೆ ತೆರಿಗಿ ಬೀಳಬಾರದಂದ್ರ ಆಕಿ ತನ್ನ ಸ್ವಂತ ಊರಿನ ಮನಿ ಖರ್ಚೂ ನಡಸಬೇಕು. ಎರಡು ಮನಿ ಬಾಡಿಗಿ, ಒಂದೇ ಜೀವ. 12 ತಾಸು ರಾತ್ರಿಪಾಳಿ ಮಾಡಿ ಬಂದಾಕಿಗೆ ಹಗಲು ಕತ್ತಲಿ ಬೇಕು. ಚಂದದ ಸೋಫಾಕ್ಕಿಂತ ದಪ್ಪ ಪಡದಾ, ಗದ್ದಲಿಲ್ಲದ ಅಂಗಳ ದೊಡ್ಡದು. ಆಸ್ಪತ್ರೆ ನಡುವ ಕರಾರು ಮುರದ್ರ ಬಾಡಿಗಿ ಏನು, ಡಿಪಾಜಿಟ್ ಏನು ಅನ್ನೋದನ್ನ ಮೊದಲೇ ಬರದಿಟ್ಟರ ಇಬ್ಬರಿಗೂ ಛಲೋ. ಹೆಚ್ಚಿನ ಬಾಡಿಗಿ ಆಶಾಕ್ಕ ಎಲ್ಲಾ ಮನಿ ಇವರಿಗೇ ಕೊಟ್ರ ಊರಿನ ಸಂಸಾರಸ್ಥರು ಎಲ್ಲಿಗೆ ಹೋಗಬೇಕು ಅನ್ನೋದನ್ನೂ ವಿಚಾರ ಮಾಡಬೇಕು.

ನರ್ಸಿನ ಸೂರಿನ ಖರ್ಚು ಎಂದೂ ಆಸ್ಪತ್ರೆ ನಡಸೋ ಖರ್ಚಿನಾಗಿನದೇ. ಆಸ್ಪತ್ರೆ, ರೋಗಿ ಮನಿ, ಏಜೆನ್ಸಿ ದಾಟಿ ಆ ಖೋಲಿ ಹುಡುಕೋ ಚಿಂತಿ ಈಗ ಆಕಿ ತಲಿ ಮ್ಯಾಲೆ ಬಂದು ಕೂತದ. ಖೋಲಿ ಕೊಡೋರು ಬಾಡಿಗಿ ಹೇಳೋವಾಗ ಇದನ್ನ ನೆನಪಿಟ್ಟರ ಸಾಕು.