ಕೌದಿ: ಬಟ್ಟೆಯ ತುಂಡುಗಳಲ್ಲಿ ಉಳಿದ ಇತಿಹಾಸ

ಇತಿಹಾಸವೆಂದರೆ ಶಾಸನ, ತಾಮ್ರಪಟ, ದಫ್ತರಗಳು ಎಂದು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ನಾವೆಲ್ಲ ಕಲಿತೆವು. ನಮ್ಮ ಭಾಗದ ಹೆಣ್ಣುಮಕ್ಕಳು ಶಾಸನ ಹಾಕಿಸಿದವರಲ್ಲ, ದಫ್ತರ ಬರೆದವರೂ ಅಲ್ಲ. ಅವರು ಕೌದಿ ಹೊಲಿದರು. ಶಾಲೆಯ ಕಟ್ಟಡ, ಗುರುಗಳು, ಫಲಿತಾಂಶಗಳ ಬಗ್ಗೆ ಈ ಸಂಚಿಕೆಯಲ್ಲಿ ನನಗಿಂತ ಬಲ್ಲವರು ಬರೆಯುತ್ತಾರೆ. ನೌಕರಿಯಿಂದ ನಿವೃತ್ತಳಾದ ಮೇಲೆ ಕೌದಿ ಹೊಲಿಯುವುದನ್ನೇ ಹವ್ಯಾಸ ಮಾಡಿಕೊಂಡ ಹಳೆಯ ವಿದ್ಯಾರ್ಥಿನಿ ನಾನು. ಆದ್ದರಿಂದ ನನಗೆ ತಿಳಿದ ಈ ಇತಿಹಾಸವನ್ನೇ ಇಲ್ಲಿ ಬರೆಯುತ್ತೇನೆ.

ತೇಪೆಯ ಹಳೆಯ ಹಾದಿ

ಹರಿದ ಬಟ್ಟೆಯನ್ನು ಜೋಡಿಸಿ ಹೊಲಿಯುವ ಪದ್ಧತಿ ಬಹಳ ಹಳೆಯದು. ಬೌದ್ಧ ಭಿಕ್ಷುಗಳು ಎಸೆದ ಚಿಂದಿಗಳನ್ನು ಆರಿಸಿ ತಂದು, ಹೊಲಿದು, ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಭತ್ತದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಚೀವರವನ್ನು ಅದೇ ಮಾದರಿಯಲ್ಲಿ ಹೊಲಿಯಲು ಬುದ್ಧ ಆನಂದನಿಗೆ ಹೇಳಿದನೆಂದು ವಿನಯ ಪಿಟಕದಲ್ಲಿದೆ. ಸಂಸ್ಕೃತದಲ್ಲಿ ತೇಪೆಯ ಬಟ್ಟೆಗೆ ‘ಕಂಥಾ’ ಎನ್ನುತ್ತಾರೆ. ಕನ್ನಡದಲ್ಲಿ ಜೋಗಿ, ಜಂಗಮರು ಹೊದೆಯುವ ಕಂಥೆ ಅದೇ. ಬಂಗಾಳದ ‘ಕಾಂಥಾ’ ಹೊಲಿಗೆಯ ಹೆಸರೂ ಅದೇ. ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದಲ್ಲಿ ರಲ್ಲಿ, ಮಹಾರಾಷ್ಟ್ರದಲ್ಲಿ ಗೋಧಡಿ, ನಮ್ಮಲ್ಲಿ ಕೌದಿ. ಹೆಸರು ಬೇರೆಯಾದರೂ ಎಲ್ಲವೂ ಒಂದೇ ಮನೆತನದ ಅಕ್ಕತಂಗಿಯರು.

ಕೌದಿಯ ಕಟ್ಟು

ಕೌದಿಗೆ ಸಾಮಾನ್ಯವಾಗಿ ಮೂರು ಪದರ. ಅಡಿಯಲ್ಲಿ ಒಂದು ಅಖಂಡ ಹಳೆಯ ಸೀರೆ, ನಡುವೆ ಸವೆದ ಧೋತರ, ಅಂಗಿ, ಲಂಗಗಳು, ಮೇಲೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಸೂಜಿಯನ್ನು ಮೇಲೆ ಕೆಳಗೆ ಓಡಿಸುತ್ತ ಎಲ್ಲ ಪದರಗಳನ್ನೂ ಸೇರಿಸಿ, ಒಂದು ಬೆರಳಿನಷ್ಟು ಅಂತರದಲ್ಲಿ ಸಾಲು ಸಾಲಾಗಿ ಹೊಲಿಯಬೇಕು. ಸಾಲು ಒತ್ತಾಗಿದ್ದಷ್ಟು ಬಾಳಿಕೆ ಹೆಚ್ಚು. ಸುಗ್ಗಿ ಮುಗಿದ ಮೇಲೆ, ಮಧ್ಯಾಹ್ನದ ಹೊತ್ತು, ಪಡಸಾಲಿಯಲ್ಲಿ ಹಾಸಿಕೊಂಡು ನಾಲ್ಕು ಜನ ನಾಲ್ಕು ಕಡೆ ಕುಳಿತರೆ ಕೆಲಸವೂ ಸಾಗುತ್ತಿತ್ತು, ಓಣಿಯ ಸುದ್ದಿಯೂ ಸಾಗುತ್ತಿತ್ತು. ತಿರುಗಾಡುತ್ತ ಬಂದು, ಕಾಳುಕಡಿ ಪಡೆದು ಹೊಲಿದುಕೊಡುವ ಹೆಣ್ಣುಮಕ್ಕಳೂ ಇದ್ದರು.

ಹಳೆಯ ಬಟ್ಟೆಗೇ ಏಕೆ ಇಷ್ಟು ಬೆಲೆ? ನೂರು ಸಲ ಒಗೆದ ಹತ್ತಿ ಬಟ್ಟೆ ಮೈಗೆ ಮೆತ್ತಗೆ, ಬೆವರನ್ನು ಹೀರುತ್ತದೆ, ಪದರುಗಳ ನಡುವೆ ಗಾಳಿ ನಿಂತು ಬೆಚ್ಚಗಿರುತ್ತದೆ. ತೊಟ್ಟಿಲ ಕೂಸಿಗೆ ಮೊದಲು ಹಾಸುವುದು ಅಜ್ಜಿಯ ಸೀರೆಯ ಕೌದಿ. ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಗಂಟಿನಲ್ಲೂ ಅದಕ್ಕೆ ಜಾಗವಿತ್ತು.

ಕೌದಿಯನ್ನು ಓದುವುದು

ಇತಿಹಾಸದ ದೃಷ್ಟಿಯಿಂದ ನನಗೆ ಮುಖ್ಯವೆನಿಸಿದ್ದು ಇದು. ಹೊಲಿದ ವರ್ಷವನ್ನು ಯಾರೂ ಕೌದಿಯ ಮೇಲೆ ಬರೆದಿಲ್ಲ. ಆದರೂ ಬಟ್ಟೆ ನೋಡಿ ಕಾಲವನ್ನು ಅಂದಾಜು ಮಾಡಬಹುದು. ನನ್ನ ಸಂಗ್ರಹದಲ್ಲಿರುವ ಅತಿ ಹಳೆಯ ಕೌದಿಯಲ್ಲಿ ಎಲ್ಲವೂ ಕೈಮಗ್ಗದ್ದು: ಇಳಕಲ್ಲ ಸೀರೆಯ ಒಡಲು, ತೋಪು ತೆನಿ ಸೆರಗಿನ ಚೂರು, ಗುಳೇದಗುಡ್ಡದ ಖಣ. ಒಂದು ಮೂಲೆಯಲ್ಲಿ ಕಸೂತಿಯ ಗೋಪುರ ಅರ್ಧ ಉಳಿದಿದೆ. ಅದರ ನಂತರದ ಕೌದಿಯಲ್ಲಿ ಗಿರಣಿಯ ಛಾಪಿನ ಬಟ್ಟೆ ಬರುತ್ತದೆ. ಆಮೇಲಿನದರಲ್ಲಿ ಟೆರಿಕಾಟ್ ಅಂಗಿ, ನೈಲಾನ್ ಸೀರೆ ಇಣುಕುತ್ತವೆ.

ಇನ್ನೊಂದು ಗುರುತಿದೆ. ನಮ್ಮ ಮನೆಯ ಹಳೆಯ ಕೌದಿಗಳಲ್ಲಿ ಹುಡುಗರ ಖಾಕಿ ಚಡ್ಡಿಯ ತುಂಡುಗಳು ಮೊದಲು ಕಾಣುತ್ತವೆ. ಹುಡುಗಿಯರ ನೀಲಿ ಲಂಗದ ತುಂಡು ಕಾಣುವುದು ತಡವಾಗಿ, ಅದೂ ಒಂದೋ ಎರಡೋ. ಮುಂದಿನ ಕೌದಿಗಳಲ್ಲಿ ನೀಲಿ ಹೆಚ್ಚುತ್ತ ಹೋಗುತ್ತದೆ. ಹೆಣ್ಣುಮಕ್ಕಳು ಯಾವಾಗ ಹೈಸ್ಕೂಲಿನ ಮೆಟ್ಟಿಲು ಹತ್ತಿದರು ಎಂಬುದಕ್ಕೆ ಶಾಲೆಯ ದಾಖಲಾತಿ ರಜಿಸ್ಟರ್ ಒಂದು ಸಾಕ್ಷಿಯಾದರೆ, ಈ ಕೌದಿಗಳು ಇನ್ನೊಂದು ಸಾಕ್ಷಿ.

ಕಾಡಿನ ಕೌದಿ, ಕಡಲಾಚೆಯ ಕೌದಿ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯನ್ನು ಇಲ್ಲಿ ನೆನೆಯಲೇಬೇಕು. ಆಫ್ರಿಕಾದಿಂದ ಬಂದ ಈ ಜನರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ‘ಕವಂದಿ’ ಅಂಚಿನಿಂದ ಶುರುವಾಗಿ, ಸುತ್ತು ಸುತ್ತಾಗಿ ಒಳಗೆ ಸಾಗಿ, ನಡುಮಧ್ಯದಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ‘ಫೂಲ’ ಇಡುತ್ತಾರೆ. ಫೂಲವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಫಲವಾಗಿ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಕಪ್ಪು ಜನಾಂಗದ ಹೆಣ್ಣುಮಕ್ಕಳು ಹೊಲದ ಕೆಲಸದ ಸವೆದ ಬಟ್ಟೆಗಳಿಂದ ಚಳಿಗೆಂದು ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಲ್ಲಿನ ಅಂಚೆ ಚೀಟಿಗಳ ಮೇಲೂ ಬಂದವು. ನಮ್ಮಲ್ಲೇ 2023ರ ಜುಲೈನಲ್ಲಿ, ಜಿ-20 ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರಿನ ಲಂಬಾಣಿ ಕುಶಲಿಗಳು ಹೊಲಿದ 1755 ತೇಪೆಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಾವು ಹಾಸಿ ಹೊದ್ದು ಮಡಚಿಟ್ಟ ವಸ್ತುವನ್ನು ಜಗತ್ತು ಕಲೆಯೆಂದು ಕಣ್ಣೆತ್ತಿ ನೋಡತೊಡಗಿದೆ.

ಕೌದಿ ಯಾಕೆ ಕಡಿಮೆಯಾಯಿತು?

ಕಾರಣಗಳು ಹಲವು. ಸೋಲಾಪುರದ ಚಾದರ ಬಂತು, ಆಮೇಲೆ ಪಾಣಿಪತ್ತಿನ ಬ್ಲಾಂಕೆಟ್ ಬಂತು. ಪಾಲಿಯೆಸ್ಟರ್ ಸೀರೆ ಹಳೆಯದಾದರೂ ಮೆತ್ತಗಾಗಲಿಲ್ಲ, ಬೆವರು ಹೀರಲಿಲ್ಲ. ನೆನೆದ ಕೌದಿ ಹಿಂಡಲು ಇಬ್ಬರು ಬೇಕು, ಮನೆಯಲ್ಲಿ ಇಬ್ಬರು ಇಲ್ಲವಾದರು. ಹಳೆಯ ಸೀರೆಗಳು ಸ್ಟೀಲ್ ಪಾತ್ರೆ ಮಾರುವವರ ಗಂಟು ಸೇರಿದವು.

ಕೊನೆಯ ಕಾರಣ ನಮ್ಮ ಶಾಲೆ. ಸೂಜಿ ಹಿಡಿಯುವ ವಯಸ್ಸಿನ ಹುಡುಗಿಯರು ಇಲ್ಲಿ ಪೆನ್ನು ಹಿಡಿದರು. ಇದಕ್ಕೆ ನಾನು ಮರುಗುವುದಿಲ್ಲ. ನಮ್ಮ ಅವ್ವಂದಿರು ಕೌದಿ ಹೊಲಿದದ್ದು ಕಲೆಗೆಂದಲ್ಲ, ಚಳಿಗೆ. ಬೇರೆ ದಾರಿ ಅವರಿಗೆ ಇರಲಿಲ್ಲ. ನನಗೆ ಅದು ಹವ್ಯಾಸವಾಗಿದೆಯೆಂದರೆ, ಓದಿ ನೌಕರಿ ಮಾಡಿ, ಪಿಂಚಣಿ ಪಡೆದು, ಬಿಡುವು ಗಳಿಸಿದ್ದರಿಂದ. ಆದರೆ ಇಂದಿಗೂ ಕೌದಿ ಹೊಲಿದೇ ಹೊಟ್ಟೆ ಹೊರೆಯುವವರಿದ್ದಾರೆ. ವಾರಗಟ್ಟಲೆ ಹೊಲಿದ ಕೌದಿಗೆ ನಾವು ಚೌಕಾಸಿ ಮಾಡಿ ಹಣ ಕೊಡುತ್ತೇವೆ. ಗೋಡೆಗೆ ತೂಗುಹಾಕುವಾಗ ಹೊಲಿದವಳ ಹೆಸರೂ ನಮಗೆ ಗೊತ್ತಿರುವುದಿಲ್ಲ. ಹವ್ಯಾಸಕ್ಕೆ ಹೊಲಿಯುವವರು ಮೊದಲು ಅವರ ಕೂಲಿಯ ಬೆಲೆ ಅರಿಯಬೇಕು. ಒಮ್ಮೆ ತಾವೇ ಒಂದು ಮೊಳ ಹೊಲಿದರೆ ಸಾಕು, ಬೆರಳೇ ಲೆಕ್ಕ ಹೇಳುತ್ತದೆ.

ಒಂದು ವಿನಂತಿ

ನನ್ನ ಈಗಿನ ಕೌದಿಗಳು ಹೊದೆಯಲು ಬರುವುದಿಲ್ಲ. ಅವುಗಳಲ್ಲಿ ಬಟ್ಟೆಯ ಜೊತೆ ಗುಂಡಿ, ಕವಡೆ, ಹಳೆಯ ಪದಕದ ರಿಬ್ಬನ್ನು, ಸ್ಕೌಟ್ ಸ್ಕಾರ್ಫಿನ ತುಂಡು, ಬಟ್ಟೆಯ ಮೇಲೆ ಅಚ್ಚು ಹಾಕಿಸಿದ ಫೋಟೋ ಎಲ್ಲ ಇರುತ್ತವೆ. ಇದೇ ರೀತಿ ಶಾಲೆಗೊಂದು ಸುವರ್ಣ ಕೌದಿ ಮಾಡೋಣವೆಂಬುದು ನನ್ನ ಆಸೆ. ಎಸ್.ಎಸ್.ಎಲ್.ಸಿ.ಯ ಒಂದೊಂದು ತಂಡದಿಂದ ಒಂಬತ್ತು ಇಂಚು ಚೌಕದ ಒಂದು ತುಂಡು, ಒಟ್ಟು 50. ಅಡ್ಡಕ್ಕೆ ಐದು, ಉದ್ದಕ್ಕೆ ಹತ್ತು ಜೋಡಿಸಿದರೆ ಸುಮಾರು ಮೂರೂ ಮುಕ್ಕಾಲು ಅಡಿ ಅಗಲ, ಏಳೂವರೆ ಅಡಿ ಉದ್ದದ ಕೌದಿ. ಗ್ರಂಥಾಲಯದ ಗೋಡೆಗೆ ಸರಿಯಾಗಿ ಹೊಂದುತ್ತದೆ. ಹತ್ತಿ ಬಟ್ಟೆಯಾಗಿರಲಿ, ಒಗೆದು ಒಣಗಿಸಿದ್ದಿರಲಿ, ಅಂಚಿಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟಿರಲಿ. ಅವ್ವನ ಸೀರೆಯೋ, ಅಪ್ಪನ ಧೋತರವೋ, ನಿಮ್ಮದೇ ಸಮವಸ್ತ್ರವೋ ಯಾವುದೂ ಆದೀತು. ಅದು ಯಾರದು, ಯಾವ ವರ್ಷದ್ದು ಎಂದು ಚೀಟಿ ಬರೆದು ಕೊಡಿ. ಹಿಂಬದಿಯಲ್ಲಿ ಅದನ್ನು ದಾರದಿಂದ ಬರೆಯುವ ಕೆಲಸ ನನ್ನದು. ಹೊಲಿಯಲು ಬಲ್ಲ ಊರಿನ ತಾಯಂದಿರಿಗೆ ಕೂಲಿ ಕೊಟ್ಟು, ಅವರ ಹೆಸರನ್ನೂ ಅಲ್ಲೇ ಬರೆಯೋಣ. ಕಲಿಯಬೇಕೆನ್ನುವ ಮಕ್ಕಳು, ಹುಡುಗರೂ ಸಹ, ಬಂದು ಪಕ್ಕದಲ್ಲಿ ಕೂಡಲಿ.

ನೂರರ ಹಬ್ಬ ಆಚರಿಸುವ ಮಕ್ಕಳು ಅದನ್ನು ಇಳಿಸಿ, ತಿರುವಿ ನೋಡಿದಾಗ, ಯಾವ ತುಂಡು ಯಾರದು ಎಂದು ಯಾರನ್ನೂ ಕೇಳುವ ಅಗತ್ಯ ಬೀಳಬಾರದು.